ರಿಪ್ ಮಾಡಲು ಒಂದು, ಕೇಳಲು ಇನ್ನೊಂದು: ಸಿಡಿ ಹಾಡುಗಳಿಗಾಗಿ ನಾನು ಬಳಸಿ ನೋಡಿದ ಸಾಫ್ಟ್‌ವೇರ್‌ಗಳು

ಸಿಡಿಗಳನ್ನೆಲ್ಲ ಕಂಪ್ಯೂಟರ್‌ಗೆ ಹಾಕಿಕೊಳ್ಳಬೇಕು, ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದು: ರಿಪ್ ಮಾಡುವುದಕ್ಕೆ, ಅಂದರೆ ಸಿಡಿಯ ಹಾಡನ್ನು ಕಂಪ್ಯೂಟರ್ ಫೈಲ್ ಆಗಿ ತೆಗೆದುಕೊಳ್ಳುವುದಕ್ಕೆ, ಒಂದು ಇಟ್ಟುಕೊಳ್ಳಿ, ಹಾಡು ಕೇಳುವುದಕ್ಕೆ ಇನ್ನೊಂದು. ಎರಡೂ ಒಂದರಲ್ಲೇ ಆಗಿಬಿಡಲಿ ಅಂತ ಹಟ ಬೇಡ. ಪ್ಲೇಯರ್ ಇವತ್ತು ಒಂದು ಇಷ್ಟವಾಗುತ್ತದೆ, ಆರು ತಿಂಗಳು ಬಿಟ್ಟು ಬೇರೆಯದು ಇಷ್ಟವಾಗುತ್ತದೆ, ಬದಲಾಯಿಸಿಕೊಂಡರೆ ಏನೂ ನಷ್ಟವಿಲ್ಲ. ಆದರೆ ಇನ್ನೂರು ಸಿಡಿಯನ್ನು ಎರಡನೇ ಸಲ ಒಂದೊಂದಾಗಿ ಡ್ರೈವ್‌ಗೆ ಹಾಕಿ ತೆಗೆಯುವ ಕೆಲಸ ಇದೆಯಲ್ಲ, ಅದು ಯಾರಿಗೂ ಬೇಡ. ನಾನು ಅದನ್ನು ಮಾಡಿದ್ದೇನೆ.

ಮೊದಲ ಸಲ ಕಂಪ್ಯೂಟರ್ ಜೊತೆಗೇ ಬಂದಿದ್ದ ಒಂದು ಪ್ಲೇಯರ್‌ನಲ್ಲಿ ರಿಪ್ ಮಾಡಿದ್ದೆ. ಸಿಡಿ ಹಾಕಿದರೆ ಬಟನ್ ಕಾಣಿಸುತ್ತಿತ್ತು, ಒತ್ತಿದರೆ ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಸೆಟ್ಟಿಂಗ್ ತೆರೆದು ನೋಡಲೇ ಇಲ್ಲ. ಅದು 128 ಕೆಬಿಪಿಎಸ್‌ನಲ್ಲಿ, ಅಂದರೆ ಸದ್ದನ್ನು ತುಂಬಾ ಕುಗ್ಗಿಸಿ, ಉಳಿಸುತ್ತಿದೆ ಅಂತ ಗೊತ್ತಾಗಿದ್ದು ವರ್ಷಗಳ ನಂತರ, ಒಂದು ಒಳ್ಳೆಯ ಹೆಡ್‌ಫೋನ್ ತೆಗೆದುಕೊಂಡಾಗ. ಲೈವ್ ರೆಕಾರ್ಡಿಂಗ್‌ನಲ್ಲಿ ಜನ ಚಪ್ಪಾಳೆ ತಟ್ಟಿದರೆ ಬಾಣಲೆಯಲ್ಲಿ ಏನೋ ಹುರಿದ ಹಾಗೆ ಕೇಳುತ್ತಿತ್ತು. ಅದಕ್ಕಿಂತ ಬೇಜಾರಾಗಿದ್ದು ಅಲ್ಲಲ್ಲಿ ಬರುತ್ತಿದ್ದ 'ಟಿಕ್' ಸದ್ದು. ಡಿಸ್ಕ್ ಓದುವಾಗ ತಪ್ಪಾಗಿದೆ, ಆದರೆ ಸಾಫ್ಟ್‌ವೇರ್ ಒಂದು ಮಾತೂ ಹೇಳಿಲ್ಲ. ಇನ್ನೂರರಲ್ಲಿ ಯಾವುದು ಸರಿ, ಯಾವುದು ಹಾಳು ಅಂತ ತಿಳಿಯಲು ಎಲ್ಲವನ್ನೂ ಕೂತು ಕೇಳುವುದು ಬಿಟ್ಟರೆ ದಾರಿಯೇ ಇರಲಿಲ್ಲ.

ಯಾಕೆ ಹೀಗೆ ಅನ್ನುವುದನ್ನು ಸ್ವಲ್ಪ ಹೇಳಿಬಿಡುತ್ತೇನೆ, ಇದು ಗೊತ್ತಿದ್ದರೆ ಸಾಫ್ಟ್‌ವೇರ್ ಆರಿಸುವುದು ಸುಲಭ. ಆಡಿಯೋ ಸಿಡಿ ಎಂದರೆ ಫೈಲ್‌ಗಳನ್ನು ತುಂಬಿದ ಡಿಸ್ಕ್ ಅಲ್ಲ. 1980ರಲ್ಲಿ ಬಂದ ರೆಡ್ ಬುಕ್ ನಿಯಮದ ಪ್ರಕಾರ ಅದರಲ್ಲಿರುವುದು ಒಳಗಿನಿಂದ ಹೊರಗೆ ಸುತ್ತಿಕೊಂಡು ಹೋಗುವ ಒಂದೇ ಉದ್ದನೆಯ ಸದ್ದಿನ ಸುರುಳಿ. ಸೆಕೆಂಡಿಗೆ 75 ಸೆಕ್ಟರ್ (ತುಂಡು), ಒಂದೊಂದರಲ್ಲಿ 2352 ಬೈಟ್. ಡೇಟಾ ಸಿಡಿಯಲ್ಲಿ ಸಾಮಾನ್ಯವಾಗಿ ಇದೇ ಜಾಗದಲ್ಲಿ 2048 ಬೈಟ್ ಮಾತ್ರ ಮಾಹಿತಿಗೆ ಇಟ್ಟು ಉಳಿದಿದ್ದರಲ್ಲಿ ಹೆಚ್ಚಿನದನ್ನು ತಪ್ಪು ಹಿಡಿಯುವುದಕ್ಕೆ, ಸರಿಪಡಿಸುವುದಕ್ಕೆ ಕೊಡುತ್ತಾರೆ. ಆಡಿಯೋ ಸಿಡಿಯಲ್ಲಿ ಅಷ್ಟೂ ಸದ್ದಿಗೇ ಹೋಗುತ್ತದೆ. ಕೆಳಗಿನ ಹಂತದಲ್ಲಿ ಒಂದು ತಿದ್ದುವ ವ್ಯವಸ್ಥೆ ಇದ್ದೇ ಇದೆ, ಸುಮಾರು 2.5 ಮಿಲಿಮೀಟರ್ ಉದ್ದದ ಹಾನಿಯನ್ನೂ ಅದು ಪೂರ್ತಿ ಸರಿಪಡಿಸುತ್ತದೆ. ಅದಕ್ಕೂ ಮೀರಿದ ಗೀರು ಸಿಕ್ಕರೆ ಡ್ರೈವ್ ಅಕ್ಕಪಕ್ಕದ ಸದ್ದು ನೋಡಿ ನಡುವಿನದನ್ನು ಅಂದಾಜಿನಲ್ಲಿ ತುಂಬುತ್ತದೆ. ತುಂಬಿದೆ ಅಂತ ತಾನಾಗಿ ಹೇಳುವುದಿಲ್ಲ. ಡೇಟಾ ಫೈಲ್ ಕಾಪಿ ಆಗದಿದ್ದರೆ ಎರರ್ ಬರುತ್ತದೆ ಅಲ್ವಾ, ಇಲ್ಲಿ ಹಾಗಿಲ್ಲ. ಹಾಗಾಗಿ ನಾವು ಆರಿಸುವ ರಿಪ್ಪರ್‌ಗೆ ಮುಖ್ಯವಾಗಿ ಗೊತ್ತಿರಬೇಕಾದದ್ದು ಒಂದೇ: ಡ್ರೈವ್ ಕೊಟ್ಟಿದ್ದನ್ನು ಸುಮ್ನೆ ನಂಬದೆ ಪರೀಕ್ಷಿಸುವುದು.

ಈ ವಿಷಯದಲ್ಲಿ ವಿಂಡೋಸ್‌ನಲ್ಲಿ ನನ್ನ ಮೊದಲ ಆಯ್ಕೆ ಎಕ್ಸಾಕ್ಟ್ ಆಡಿಯೋ ಕಾಪಿ, ಎಲ್ಲರೂ ಇಎಸಿ ಅಂತಲೇ ಕರೆಯುತ್ತಾರೆ. ಉಚಿತ. ನೋಡುವುದಕ್ಕೆ ಇಪ್ಪತ್ತು ವರ್ಷ ಹಿಂದಿನ ಸಾಫ್ಟ್‌ವೇರ್ ಥರ ಇದೆ, ಮೆನುಗಳಲ್ಲಿ ಏನೇನೋ ಇದೆ, ಮೊದಲ ದಿನ ಖಂಡಿತ ತಲೆ ಕೆಡುತ್ತದೆ. ಆದರೂ ಇದನ್ನೇ ಹೇಳುತ್ತೇನೆ, ಯಾಕೆಂದರೆ ಸೆಕ್ಯೂರ್ ಮೋಡ್‌ನಲ್ಲಿ ಇದು ಪ್ರತಿ ಸೆಕ್ಟರನ್ನೂ ಕಡಿಮೆ ಅಂದರೂ ಎರಡು ಸಲ ಓದಿಸಿ ಹೋಲಿಸುತ್ತದೆ. ಎರಡೂ ಒಂದೇ ಬಂದರೆ ಮುಂದೆ. ಇಲ್ಲದಿದ್ದರೆ 16 ಸಲ ಓದಿಸಿ ಅದರಲ್ಲಿ 8 ಸಲ ಒಂದೇ ಉತ್ತರ ಬರುತ್ತದಾ ನೋಡುತ್ತದೆ. ಬರದಿದ್ದರೆ ಮತ್ತೆ 16, ಮತ್ತೆ 16. ತೀರಾ ಕೆಟ್ಟ ಜಾಗವನ್ನು 82 ಸಲದವರೆಗೂ ಓದಿಸುತ್ತದೆ. ಡ್ರೈವ್ ಕೆಲವು ಸಲ ಈಗಷ್ಟೇ ಓದಿದ್ದನ್ನು ತನ್ನ ಮೆಮೊರಿಯಿಂದಲೇ ತೆಗೆದು ಮತ್ತೆ ಕೊಟ್ಟುಬಿಡುತ್ತದೆ, ಹಾಗಾದರೆ ಎರಡು ಸಲ ಓದಿಸಿ ಏನು ಉಪಯೋಗ? ಇಎಸಿಯ ಡ್ರೈವ್ ಆಪ್ಷನ್ಸ್‌ನಲ್ಲಿ ಅದನ್ನು ಪತ್ತೆ ಹಚ್ಚುವ ಬಟನ್ ಇದೆ. ಮೊದಲು ಅದನ್ನು ಒತ್ತಿ. ಡ್ರೈವ್ ಹೀಗೆ ಮೆಮೊರಿಯಿಂದ ಕೊಡುತ್ತದೆ (ಕ್ಯಾಶ್ ಮಾಡುತ್ತದೆ) ಅಂತ ಬಂದರೆ ಆ ಗುರುತನ್ನು ಹಾಗೇ ಇಡಿ. ಸಿ2 ಎರರ್ ಮಾಹಿತಿಯನ್ನು, ಅಂದರೆ ಎಲ್ಲಿ ಸರಿಯಾಗಿ ಓದಲಾಗಲಿಲ್ಲ ಅಂತ ಕೇಳಿದರೆ ಡ್ರೈವ್ ಕೊಡುವ ಸುಳಿವನ್ನು, ಬಳಸಬೇಕಾ ಅಂತಲೂ ಕೇಳುತ್ತದೆ. ಬಳಸಿದರೆ ವೇಗ ಜಾಸ್ತಿ, ಆದರೆ ಎಷ್ಟೋ ಡ್ರೈವ್‌ಗಳು ಅದನ್ನು ಸರಿಯಾಗಿ ಕೊಡುವುದಿಲ್ಲ. ನಾನು ಬೇಡ ಅಂತಲೇ ಇಟ್ಟಿದ್ದೇನೆ.

ಇನ್ನೊಂದು, ಇದಕ್ಕಿಂತ ದೊಡ್ಡ ಅನುಕೂಲ ಅಕ್ಯುರೇಟ್‌ರಿಪ್. ಒಂದೇ ಡ್ರೈವ್ ಒಂದೇ ತಪ್ಪನ್ನು ಎರಡು ಸಲವೂ ಮಾಡಬಹುದು, ಆಗ ಹೋಲಿಸಿ ನೋಡಿದರೂ ಗೊತ್ತಾಗುವುದಿಲ್ಲ. ಅಕ್ಯುರೇಟ್‌ರಿಪ್ ಏನು ಮಾಡುತ್ತದೆ ಅಂದರೆ, ನಿಮ್ಮ ರಿಪ್‌ನಿಂದ ಒಂದು ಚೆಕ್‌ಸಮ್ (ಸದ್ದು ಸ್ವಲ್ಪ ಬದಲಾದರೂ ಬದಲಾಗುವ ಒಂದು ಸಂಖ್ಯೆ) ಲೆಕ್ಕ ಹಾಕಿ, ಅದೇ ಸಿಡಿಯನ್ನು ಬೇರೆ ಕಡೆ ಬೇರೆ ಡ್ರೈವ್‌ನಲ್ಲಿ ರಿಪ್ ಮಾಡಿದವರ ಲೆಕ್ಕದ ಜೊತೆ ತಾಳೆ ನೋಡುತ್ತದೆ. ಹೊಂದಿದರೆ ಪಕ್ಕದಲ್ಲಿ ಕಾನ್ಫಿಡೆನ್ಸ್ ಅಂತ ಒಂದು ಸಂಖ್ಯೆ ಬರುತ್ತದೆ. 14 ಅಂತ ಬಂದರೆ ಡೇಟಾಬೇಸ್‌ನಲ್ಲಿರುವ 14 ರಿಪ್‌ಗಳು ನಿಮ್ಮದರ ಜೊತೆ ಹೊಂದಿವೆ ಅಂತ. ಬೇರೆ ಬೇರೆ ಡ್ರೈವ್, ಬೇರೆ ಬೇರೆ ಡಿಸ್ಕ್, ಉತ್ತರ ಒಂದೇ. ಮೊದಲ ಸಲ ಒಂದು ಆಲ್ಬಂನ ಹನ್ನೊಂದು ಹಾಡುಗಳ ಮುಂದೆಯೂ 'ಅಕ್ಯುರೇಟ್' ಅಂತ ಬಂದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಇನ್ನು ಈ ಸಿಡಿಯನ್ನು ಮತ್ತೆ ರಿಪ್ ಮಾಡಬೇಕಾಗಿಲ್ಲ ಅನ್ನುವ ನಿಶ್ಚಿಂತೆ ಅದು.

ಇದು ಕೆಲಸ ಮಾಡಬೇಕಾದರೆ ಡ್ರೈವ್‌ನ ಆಫ್‌ಸೆಟ್ ಸರಿ ಇರಬೇಕು. ಪ್ರತಿ ಮಾಡೆಲ್ ಡ್ರೈವೂ ಸದ್ದನ್ನು ಒಂದಿಷ್ಟು ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ) ಹಿಂದೆಯೋ ಮುಂದೆಯೋ ಶುರು ಮಾಡುತ್ತದೆ. ಕೆಲವಕ್ಕೆ 6, ಕೆಲವಕ್ಕೆ 667. ಸೆಕೆಂಡಿಗೆ 44100 ಸ್ಯಾಂಪಲ್ ಇರುವಾಗ 6 ಸ್ಯಾಂಪಲ್ ಯಾರ ಕಿವಿಗೂ ಗೊತ್ತಾಗುವುದಿಲ್ಲ, ನಿಜ. ಆದರೆ ತಾಳೆ ನೋಡುವಾಗ ಎಲ್ಲರೂ ಒಂದೇ ಗೆರೆಯಿಂದ ಅಳೆಯಬೇಕಲ್ಲ, ಅದಕ್ಕೆ ಬೇಕು. ಡೇಟಾಬೇಸ್‌ನಲ್ಲಿರುವ ಒಂದು ಜನಪ್ರಿಯ ಸಿಡಿ ಹಾಕಿದರೆ ಇಎಸಿ ತಾನೇ ಇದನ್ನು ಕಂಡುಹಿಡಿಯುತ್ತದೆ. ಒಂದು ಸಲ ಮಾಡಿದರೆ ಸಾಕು, ಡ್ರೈವ್ ಬದಲಾಯಿಸುವವರೆಗೆ ಆ ಕಡೆ ನೋಡುವುದೇ ಬೇಡ.

ಗೀರು ಬಿದ್ದ ಡಿಸ್ಕ್‌ನಲ್ಲಿ ಇದು ಹೇಗೆ ನಡೆದುಕೊಳ್ಳುತ್ತದೆ ಅಂತ ಹೇಳಲೇಬೇಕು. ನನ್ನ ಹತ್ತಿರ ಒಂದು ಸಿಡಿ ಇದೆ, ವರ್ಷಗಟ್ಟಲೆ ಕವರ್ ಇಲ್ಲದೆ ಡ್ರಾಯರ್‌ನಲ್ಲಿ ಬಿದ್ದಿತ್ತು. ಆರನೇ ಹಾಡಿನವರೆಗೆ ಎಲ್ಲ ಸಲೀಸು. ಏಳನೆಯದರಲ್ಲಿ ಡ್ರೈವ್‌ನ ಸದ್ದೇ ಬದಲಾಯಿತು, ಜೋರಾಗಿ ತಿರುಗುತ್ತಿದ್ದದ್ದು ನಿಧಾನವಾಗಿ ಗರಗರ ಅನ್ನತೊಡಗಿತು. ಪರದೆಯ ಮೇಲೆ ಎರರ್ ಕರೆಕ್ಷನ್ ಅನ್ನುವ ಸಾಲಿನ ಕೆಂಪು ಚೌಕಗಳು ಒಂದೊಂದಾಗಿ ಹೊತ್ತಿಕೊಂಡವು. ಒಂದು ಹಾಡಿಗೆ ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಕೊನೆಗೆ ಲಾಗ್‌ನಲ್ಲಿ, ಅಂದರೆ ಇಎಸಿ ಬರೆದಿಡುವ ವರದಿಯಲ್ಲಿ, ಎರಡು ನಿಮಿಷ ನಲವತ್ತೊಂದನೇ ಸೆಕೆಂಡಿನ ಹತ್ತಿರ ಅನುಮಾನ ಇದೆ ಅಂತ ಬರೆದಿತ್ತು. ನೋಡಿ, ನನಗೆ ಬೇಕಾಗಿದ್ದದ್ದು ಇದೇ. ಸರಿಯಾಗಲಿಲ್ಲ, ಸರಿ, ಆದರೆ ಎಲ್ಲಿ ಸರಿಯಾಗಲಿಲ್ಲ ಅಂತ ಹೇಳಿತು.

ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದೆ. ದುಂಡಗೆ ಒರೆಸಬಾರದು. ಸದ್ದು ಸುರುಳಿಯಾಗಿ ಇರುವುದರಿಂದ, ಅದೇ ದಿಕ್ಕಿನಲ್ಲಿ ಬೀಳುವ ಗೀರು ಒಂದರ ಪಕ್ಕ ಒಂದಿರುವ ಮಾಹಿತಿಯನ್ನು ಉದ್ದಕ್ಕೆ ಅಳಿಸಿಬಿಡುತ್ತದೆ, ಅಡ್ಡಕ್ಕೆ ಬೀಳುವ ಗೀರಿನಿಂದ ಅಷ್ಟು ಹಾನಿಯಿಲ್ಲ. ಒರೆಸಿದ ಮೇಲೂ ಸ್ವಲ್ಪ ಉಳಿಯಿತು. ಆಗ ಕೈಹಿಡಿದದ್ದು ಕ್ಯೂಟೂಲ್ಸ್. ಇದೂ ಉಚಿತ. ಇದರ ಡೇಟಾಬೇಸ್ ಬರೀ ಚೆಕ್‌ಸಮ್ ಇಟ್ಟುಕೊಳ್ಳುವುದಿಲ್ಲ, ತಪ್ಪು ತಿದ್ದಲು ಬೇಕಾಗುವ ಒಂದಿಷ್ಟು ಹೆಚ್ಚುವರಿ ಮಾಹಿತಿಯನ್ನೂ ಇಟ್ಟಿರುತ್ತದೆ. ಪೂರ್ತಿ ಆಲ್ಬಂ ರಿಪ್ ಮಾಡಿ ಅದಕ್ಕೆ ಕೊಟ್ಟರೆ, ಹಾನಿ ಚಿಕ್ಕದಾಗಿದ್ದರೆ ಅಲ್ಲೇ ದುರಸ್ತಿ ಮಾಡಿಕೊಡುತ್ತದೆ. ಆ ಏಳನೇ ಹಾಡು ಹಾಗೆ ಉಳಿಯಿತು. ಕ್ಯೂಟೂಲ್ಸ್ ಜೊತೆಗೇ ಕ್ಯೂರಿಪ್ಪರ್ ಅಂತ ಒಂದು ಬರುತ್ತದೆ. ಇಎಸಿಯ ಮೆನುಗಳಲ್ಲಿ ಓಡಾಡುವ ಮನಸ್ಸಿಲ್ಲದವರು ಅದನ್ನೇ ಬಳಸಿ. ಕಿಟಕಿ ಚಿಕ್ಕದು, ಆಯ್ಕೆಗಳು ಕಡಿಮೆ, ಅಕ್ಯುರೇಟ್‌ರಿಪ್ ತಾಳೆಯೂ ಇದೆ.

ದುಡ್ಡು ಕೊಡಲು ಅಡ್ಡಿಯಿಲ್ಲ, ಬೇಗ ಮುಗಿಯಬೇಕು ಅನ್ನುವವರಿಗೆ ಡಿಬಿಪವರ್‌ಆಂಪ್. ಅಕ್ಯುರೇಟ್‌ರಿಪ್ ಇವರದೇ. ಹಾಡಿನ ಹೆಸರು, ಕವರ್ ಚಿತ್ರ ಎಲ್ಲವನ್ನೂ ನಾಲ್ಕಾರು ಕಡೆಯಿಂದ ತಂದು ಪಕ್ಕಪಕ್ಕ ತೋರಿಸುತ್ತದೆ, ನಮಗೆ ಸರಿ ಅನ್ನಿಸಿದ್ದನ್ನು ಆರಿಸಬಹುದು. ಮೊದಲು ಒಂದು ಸಲ ವೇಗವಾಗಿ ಓದಿ ಡೇಟಾಬೇಸ್ ಜೊತೆ ತಾಳೆಯಾದರೆ ಅಲ್ಲಿಗೇ ನಿಲ್ಲಿಸುತ್ತದೆ, ಆಗದಿದ್ದರೆ ಮಾತ್ರ ಮತ್ತೆ ಓದುತ್ತದೆ. ಐನೂರು ಸಿಡಿ ಇರುವವರಿಗೆ ಇದರಲ್ಲಿ ಉಳಿಯುವ ಸಮಯ ಸಣ್ಣದಲ್ಲ. ಮೂವತ್ತು ಸಿಡಿ ಇದ್ದರೆ ಕೊಳ್ಳುವುದು ಬೇಡ.

ಮ್ಯಾಕ್ ಇದ್ದರೆ ಎಕ್ಸ್ಎಲ್‌ಡಿ ಹಾಕಿಕೊಳ್ಳಿ, ಬೇರೆ ಯೋಚನೆ ಬೇಡ. ಲಿನಕ್ಸ್‌ನಲ್ಲಿ ಕಮಾಂಡ್ ಬರೆಯಲು ಅಭ್ಯಂತರವಿಲ್ಲದವರಿಗೆ ವಿಪ್ಪರ್. ಫ್ರೀಆಕ್ ಅಂತ ಒಂದಿದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಉಚಿತ, ಮುಕ್ತ ತಂತ್ರಾಂಶ, ಬಳಸಲು ತುಂಬಾ ಸುಲಭ. ಹೊಸದಾಗಿ ಇಟ್ಟುಕೊಂಡಿರುವ, ಗೀರೇ ಇಲ್ಲದ ಸಿಡಿಗಳಿಗೆ ಧಾರಾಳವಾಗಿ ಸಾಕು. ಅನುಮಾನ ಇರುವ ಡಿಸ್ಕ್ ಆದರೆ ನಾನು ಇಎಸಿಗೇ ವಾಪಸ್ ಬರುತ್ತೇನೆ.

ಫಾರ್ಮ್ಯಾಟ್ ಬಗ್ಗೆ ಜಾಸ್ತಿ ಚರ್ಚೆ ಬೇಡ: ಫ್ಲ್ಯಾಕ್. ಸಿಡಿಯ ಸದ್ದು ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ತಿನ್ನುತ್ತದೆ, ಫ್ಲ್ಯಾಕ್ ಒಂದು ಬಿಟ್ ಕೂಡ ಕಳೆಯದೆ ಅದನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಒಂದು ಆಲ್ಬಂಗೆ 300 ಎಂಬಿ ಅಂದುಕೊಂಡರೂ ಇನ್ನೂರು ಆಲ್ಬಂ 60 ಜಿಬಿ, ಇವತ್ತಿನ ಡಿಸ್ಕ್‌ಗಳಿಗೆ ಅದು ಯಾವ ಲೆಕ್ಕ! 0ಯಿಂದ 8ರವರೆಗೆ ಮಟ್ಟಗಳಿವೆ, ಅದು ಗುಣಮಟ್ಟದ ಮಟ್ಟ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಎಷ್ಟು ಒತ್ತಿ ಚಿಕ್ಕದು ಮಾಡಬೇಕು ಅನ್ನುವುದಷ್ಟೇ, ಸದ್ದು ಎಲ್ಲದರಲ್ಲೂ ಅದೇ. ಸುಮ್ನೆ 5ರಲ್ಲಿ ಬಿಡಿ. ಇನ್ನೊಂದು ಒಳ್ಳೆಯದು, ಒಳಗಿನ ಸದ್ದಿನ ಎಂಡಿ5 ಗುರುತನ್ನು (ಇದೂ ಒಂದು ಚೆಕ್‌ಸಮ್) ಫ್ಲ್ಯಾಕ್ ಫೈಲ್ ತಾನೇ ಇಟ್ಟುಕೊಂಡಿರುತ್ತದೆ. ಹತ್ತು ವರ್ಷದ ನಂತರ ಫೈಲ್ ಕೆಟ್ಟಿದೆಯಾ ಅಂತ ನೋಡಬೇಕಾದರೆ ಅದರಿಂದಲೇ ನೋಡಬಹುದು. ಆಪಲ್ ಸಾಧನಗಳೇ ಎಲ್ಲ ಅನ್ನುವವರು ಎಎಲ್ಎಸಿ ಮಾಡಿಕೊಳ್ಳಿ, ಅದೂ ಏನೂ ಕಳೆಯುವುದಿಲ್ಲ, ಬೇಕಾದಾಗ ಫ್ಲ್ಯಾಕ್‌ಗೆ ಬದಲಾಯಿಸಬಹುದು. ಒತ್ತದೆ ಹಾಗೇ ಇಡುವ ವೇವ್ ಬೇಡ, ಜಾಗ ದುಪ್ಪಟ್ಟು, ಹೆಸರುಗಳನ್ನು ಒಳಗೆ ಇಡುವುದೂ ಕಿರಿಕಿರಿ.

ಎಂಪಿ3 ಕೆಟ್ಟದು ಅಂತ ನಾನು ಹೇಳುತ್ತಿಲ್ಲ. ಎಂಪಿ3 ಮಾಡುವ ಲೇಮ್ ಸಾಫ್ಟ್‌ವೇರ್‌ನಲ್ಲಿ ವಿ0 ಅಥವಾ ವಿ2 ಗುಣಮಟ್ಟ ಇಟ್ಟು ಮಾಡಿದ ಎಂಪಿ3 ಮತ್ತು ಸಿಡಿ ನಡುವಿನ ವ್ಯತ್ಯಾಸ ಕಣ್ಣು ಮುಚ್ಚಿ ಕೇಳಿದರೆ ನನಗೆ ಗೊತ್ತಾಗುವುದಿಲ್ಲ, ಪರೀಕ್ಷೆ ಮಾಡಿ ನೋಡಿದ್ದೇನೆ. ಆದರೆ ಎಂಪಿ3ಯಿಂದ ಮತ್ತೊಂದು ಫಾರ್ಮ್ಯಾಟ್ ಮಾಡಿದರೆ ಪ್ರತಿ ಸಲ ಏನಾದರೂ ಕಳೆಯುತ್ತದೆ. ಫ್ಲ್ಯಾಕ್ ಮೂಲವಾಗಿ ಇದ್ದರೆ ಫೋನ್‌ಗೆ ಎಂಪಿ3 ಅಥವಾ ಓಪಸ್ ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು.

ಹಾಡಿನ ಹೆಸರುಗಳದ್ದು ಬೇರೆಯೇ ಕಥೆ. ಬಹುಪಾಲು ಸಿಡಿಗಳ ಒಳಗೆ ಹಾಡಿನ ಹೆಸರೇ ಇರುವುದಿಲ್ಲ. ಎಷ್ಟು ಹಾಡು, ಒಂದೊಂದು ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ನೋಡಿ ಸಾಫ್ಟ್‌ವೇರ್ ಇಂಟರ್ನೆಟ್‌ನಲ್ಲಿ ಹುಡುಕುತ್ತದೆ, ಅಲ್ಲಿ ಯಾರೋ ಟೈಪ್ ಮಾಡಿಟ್ಟಿದ್ದು ನಮಗೆ ಬರುತ್ತದೆ. ಹಿಂದೆ ಎಲ್ಲರೂ ನೆಚ್ಚಿಕೊಂಡಿದ್ದ ಫ್ರೀಡಿಬಿ 2020ರಲ್ಲಿ ನಿಂತುಹೋಯಿತು. ಈಗ ಮ್ಯೂಸಿಕ್‌ಬ್ರೇನ್ಸ್ ಎಲ್ಲಕ್ಕಿಂತ ಅಚ್ಚುಕಟ್ಟು, ಅವರದೇ ಪಿಕಾರ್ಡ್ ಸಾಫ್ಟ್‌ವೇರ್‌ನಿಂದ ರಿಪ್ ಆದ ಮೇಲೂ ಹೆಸರು ತುಂಬಬಹುದು. ಕನ್ನಡದ ಸಿಡಿಗಳಿಗೆ ಎಷ್ಟೋ ಸಲ ಏನೂ ಸಿಗುವುದಿಲ್ಲ, ಸಿಕ್ಕರೂ ಒಬ್ಬರೇ ಗಾಯಕರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮೂರು ಥರ ಬರೆದಿರುತ್ತಾರೆ, ಪ್ಲೇಯರ್‌ನಲ್ಲಿ ಅವರು ಮೂರು ಜನ ಆಗಿ ಕೂತಿರುತ್ತಾರೆ. ನಾನು ಎಂಪಿ3ಟ್ಯಾಗ್ ಇಟ್ಟುಕೊಂಡು ಕನ್ನಡ ಅಕ್ಷರದಲ್ಲೇ ಕೈಯಾರೆ ಬರೆಯುತ್ತೇನೆ. ಹೆಸರು ಎಂಪಿ3 ಅಂತ ಇದ್ದರೂ ಫ್ಲ್ಯಾಕ್‌ಗೂ ನಡೆಯುತ್ತದೆ. ಫ್ಲ್ಯಾಕ್‌ನಲ್ಲಿ ಟ್ಯಾಗ್‌ಗಳು (ಫೈಲ್ ಒಳಗೆ ಬರೆದಿಡುವ ಹೆಸರು, ವಿವರ) ಯುನಿಕೋಡ್‌ನಲ್ಲೇ ಇರುವುದರಿಂದ ಕನ್ನಡಕ್ಕೆ ತೊಂದರೆಯೇ ಇಲ್ಲ. ಎಂಪಿ3 ಮಾಡುವುದಾದರೆ ಐಡಿ3ಯ ಎರಡನೇ ಪೀಳಿಗೆಯ ಟ್ಯಾಗ್ ಬಳಸಿ, ಮೊದಲ ಪೀಳಿಗೆಯದರಲ್ಲಿ ಹಾಡಿನ ಹೆಸರಿಗೆ ಇರುವುದೇ 30 ಬೈಟ್, ಕನ್ನಡ ಅಲ್ಲಿ ಪ್ರಶ್ನೆಚಿಹ್ನೆಗಳ ಸಾಲಾಗಿಬಿಡುತ್ತದೆ. ಬೇರೆ ಬೇರೆ ಗಾಯಕರಿರುವ ಆಲ್ಬಂ ಆದರೆ 'ಆಲ್ಬಂ ಆರ್ಟಿಸ್ಟ್' ಜಾಗ ತುಂಬಲು ಮರೆಯಬೇಡಿ, ಇಲ್ಲದಿದ್ದರೆ ಒಂದು ಆಲ್ಬಂ ಹತ್ತು ಚೂರಾಗುತ್ತದೆ.

ಇನ್ನು ಕೇಳುವುದು. ಇಲ್ಲಿ ನನ್ನ ಮನಸ್ಸು ಎರಡರ ನಡುವೆ ಇದೆ. ಫೂಬಾರ್2000 ಮತ್ತು ಮ್ಯೂಸಿಕ್‌ಬೀ. ಎರಡೂ ಉಚಿತ.

ಫೂಬಾರ್2000 ಬಂದಿದ್ದು 2002ರಲ್ಲಿ. ತೆರೆದ ಕೂಡಲೇ ಕಾಣುವುದು ಬರೀ ಒಂದು ಪಟ್ಟಿ, ಅಲಂಕಾರ ಏನೂ ಇಲ್ಲ, ಹಳೆಯ ಕಂಪ್ಯೂಟರ್‌ನಲ್ಲೂ ಚಟ್ಟನೆ ತೆರೆಯುತ್ತದೆ. ಬೇಕಾದ್ದನ್ನು ಒಂದೊಂದಾಗಿ ಸೇರಿಸಿಕೊಳ್ಳಬೇಕು. ಫೈಲ್ ಬದಲಾಯಿಸುವುದು, ಹೆಸರಿಡುವುದು, ಫೋಲ್ಡರ್ ಜೋಡಿಸುವುದು ಎಲ್ಲ ಇದರಲ್ಲೇ ಆಗುತ್ತದೆ, ಸಿಡಿ ರಿಪ್ ಕೂಡ ಮಾಡುತ್ತದೆ, ಅಕ್ಯುರೇಟ್‌ರಿಪ್ ತಾಳೆಯನ್ನೂ ನೋಡುತ್ತದೆ. ಒಂದೇ ಸಾಫ್ಟ್‌ವೇರ್ ಬೇಕೇ ಬೇಕು ಅಂತ ಹಟ ಹಿಡಿದವರಿಗೆ ನಾನು ಹೇಳಬಹುದಾದದ್ದು ಇದೊಂದೇ. ಮ್ಯೂಸಿಕ್‌ಬೀ ಹಾಗಲ್ಲ, ಮೊದಲ ದಿನದಿಂದಲೇ ಕಣ್ಣಿಗೆ ಚೆಂದ. ಕವರ್‌ಗಳು ಸಾಲಾಗಿ ಕಾಣುತ್ತವೆ, ಸಾಹಿತ್ಯ ತೋರಿಸುತ್ತದೆ, ಕಾಣೆಯಾದ ಚಿತ್ರ ಹುಡುಕಿ ತರುತ್ತದೆ. ಆದರೆ ವಿಂಡೋಸ್‌ಗೆ ಮಾತ್ರ. ನಾನು ಸಂಗ್ರಹ ಜೋಡಿಸುವ ದಿನ ಫೂಬಾರ್ ತೆರೆಯುತ್ತೇನೆ, ಸುಮ್ನೆ ಕೂತು ಕೇಳುವ ದಿನ ಮ್ಯೂಸಿಕ್‌ಬೀ. ಒಂದೇ ಫೋಲ್ಡರ್, ಎರಡೂ ಜಗಳವಿಲ್ಲದೆ ಓದುತ್ತವೆ.

ವಿಎಲ್‌ಸಿ ಎಲ್ಲರ ಹತ್ತಿರವೂ ಇರುತ್ತದೆ, ಏನು ಕೊಟ್ಟರೂ ನುಡಿಸುತ್ತದೆ. ವಿಡಿಯೋಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಹಾಡಿನ ಸಂಗ್ರಹಕ್ಕೆ ನನಗೆ ಹಿಡಿಸಲಿಲ್ಲ. ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಚಿಕ್ಕ ಅಂತರ ಬರುತ್ತದೆ. ಬಿಡಿ ಹಾಡು ಕೇಳುವವರಿಗೆ ಅದು ಏನೂ ಅಲ್ಲ. ಲೈವ್ ರೆಕಾರ್ಡಿಂಗ್ ಹಾಕಿ ನೋಡಿ: ಚಪ್ಪಾಳೆ ಇನ್ನೂ ನಡೆಯುತ್ತಿದೆ, ಅದರ ಮೇಲೇ ಮುಂದಿನ ಹಾಡು ಶುರುವಾಗಬೇಕು, ನಡುವೆ ಸದ್ದು ಪಕ್ಕನೆ ಕತ್ತರಿಸಿ ಮತ್ತೆ ಬರುತ್ತದೆ. ಸಭಾಂಗಣದಲ್ಲಿ ಕೂತಿದ್ದ ನಮ್ಮನ್ನು ಯಾರೋ ಅರೆಕ್ಷಣ ಹೊರಗೆ ಕಳಿಸಿದ ಹಾಗೆ. ಫ್ಲ್ಯಾಕ್ ಫೈಲ್‌ಗಳಲ್ಲಿ ಸದ್ದು ಸ್ಯಾಂಪಲ್ ಲೆಕ್ಕಕ್ಕೆ ಸರಿಯಾಗಿ ಮುಗಿಯುತ್ತದೆ, ಒಳ್ಳೆಯ ಪ್ಲೇಯರ್ ಅದನ್ನು ಸೇರಿಸಿ ನುಡಿಸುತ್ತದೆ. ಎಂಪಿ3 ಸದ್ದನ್ನು 1152 ಸ್ಯಾಂಪಲ್‌ಗಳ ತುಂಡು ಮಾಡಿ ಇಡುವುದರಿಂದ ಕೊನೆಯ ತುಂಡಿನಲ್ಲಿ ಮೌನ ಸೇರಿಕೊಳ್ಳುತ್ತದೆ. ಲೇಮ್ ಅದರ ಲೆಕ್ಕವನ್ನು ಫೈಲ್‌ನಲ್ಲಿ ಬರೆದಿಡುತ್ತದೆ, ಆ ಲೆಕ್ಕ ಓದಿ ಕತ್ತರಿಸುವ ಪ್ಲೇಯರ್ ಬೇಕು. ಫೂಬಾರ್, ಮ್ಯೂಸಿಕ್‌ಬೀ ಎರಡೂ ಇದನ್ನು ಸರಿಯಾಗಿ ಮಾಡುತ್ತವೆ. ಲಿನಕ್ಸ್‌ನಲ್ಲಿ ಸ್ಟ್ರಾಬೆರಿ ಚೆನ್ನಾಗಿದೆ, ದೊಡ್ಡ ಸಂಗ್ರಹವನ್ನು ಸಲೀಸಾಗಿ ಹೊರುತ್ತದೆ.

ಪ್ಲೇಯರ್ ಯಾವುದೇ ಇರಲಿ, ಒಂದು ಕೆಲಸ ಮಾತ್ರ ಮಾಡಿ: ರೀಪ್ಲೇಗೇನ್ ಸ್ಕ್ಯಾನ್. ಹಳೆಯ ಸಿಡಿಗಳಲ್ಲಿ ಸದ್ದು ಕಡಿಮೆ ಮಟ್ಟದಲ್ಲಿರುತ್ತದೆ, ಹೊಸವು ಕಿವಿಗೆ ಹೊಡೆದ ಹಾಗೆ ಜೋರು. ರೀಪ್ಲೇಗೇನ್ ಪ್ರತಿ ಹಾಡನ್ನೂ ಅಳೆದು ಎಷ್ಟು ಏರಿಸಬೇಕು, ಇಳಿಸಬೇಕು ಅಂತ ಒಂದು ಟ್ಯಾಗ್ ಬರೆಯುತ್ತದೆ, ಒಳಗಿನ ಸದ್ದನ್ನು ಮುಟ್ಟುವುದಿಲ್ಲ. ಆಲ್ಬಂ ಪೂರ್ತಿ ಕೇಳುವವರು ಆಲ್ಬಂ ಮೋಡ್ ಹಾಕಿ, ಆಗ ಮೆಲ್ಲಗಿರಬೇಕಾದ ಹಾಡು ಮೆಲ್ಲಗೇ ಇರುತ್ತದೆ. ಎಲ್ಲ ಕಲಸಿ ಕೇಳುವ ದಿನ ಟ್ರ್ಯಾಕ್ ಮೋಡ್. 44.1 ಕಿಲೋಹರ್ಟ್ಸ್‌ನ ಸಿಡಿ ಸದ್ದನ್ನು ಪ್ಲೇಯರ್‌ನಲ್ಲಿ 192ಕ್ಕೆ ಏರಿಸಿ ಕೇಳಿ ಅಂತ ಹೇಳುವವರು ಸಿಗುತ್ತಾರೆ. ಬೇಡ. ಡಿಸ್ಕ್‌ನಲ್ಲಿ ಇಲ್ಲದ್ದು ಅದರಿಂದ ಬರುವುದಿಲ್ಲ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇಲ್ಲ, ಯುಎಸ್‌ಬಿ ಡ್ರೈವ್ ಒಂದು ಬೇಕಾಗುತ್ತದೆ. ಶುರು ಮಾಡುವಾಗ ಮನೆಯಲ್ಲಿರುವ ಎಲ್ಲಕ್ಕಿಂತ ಚೆನ್ನಾಗಿರುವ ಸಿಡಿಯನ್ನು ಮೊದಲು ಹಾಕಿ. ಆಫ್‌ಸೆಟ್ ಕೂರಲಿ, ಲಾಗ್‌ನಲ್ಲಿ ತಾಳೆ ಬರಲಿ, ಫ್ಲ್ಯಾಕ್ ಫೈಲ್‌ಗಳು ಸರಿಯಾದ ಫೋಲ್ಡರ್‌ನಲ್ಲಿ ಸರಿಯಾದ ಹೆಸರಲ್ಲಿ ಬಂದಿವೆಯಾ ನೋಡಿ. ಆಮೇಲೆ ಉಳಿದವು. ಲಾಗ್ ಫೈಲನ್ನು ಅಳಿಸಬೇಡಿ, ಹಾಡುಗಳ ಪಕ್ಕದಲ್ಲೇ ಇರಲಿ. ಇಪ್ಪತ್ತು ಸಿಡಿ ಆದ ಕೂಡಲೇ ಬೇರೊಂದು ಡಿಸ್ಕ್‌ಗೆ ಪೂರ್ತಿ ಕಾಪಿ ಮಾಡಿ, ಇನ್ನೂರು ಮುಗಿಯಲಿ ಆಮೇಲೆ ಮಾಡೋಣ ಅಂತ ಕಾಯಬೇಡಿ.